ನಿದ್ರೆ ಕೆಡಿಸಿದ ಒಂದು ಗೇಣು ವೈರ್

ನಾನು ಆಪ್ತಸಮಾಲೋಚಕಿ. ನನ್ನ ಬಳಿ ಬಂದ ಒಬ್ಬರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆಗಸ್ಟ್‌ನ ಒಂದು ಶನಿವಾರ ಸಂಜೆ ಮಂಗಳೂರಿನ ನನ್ನ ಕೊಠಡಿಗೆ ಬಂದವರನ್ನು ‘ಪ’ ಎನ್ನೋಣ. ವಯಸ್ಸು 29. ಕಾರ್ಕಳದ ಕಡೆಯವರು, ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಆಟೊಮೇಷನ್ ಎಂಜಿನಿಯರ್. ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆಯುವುದು, ಯಂತ್ರಗಳ ಲೈನ್ ನಿಂತರೆ ಲ್ಯಾಪ್‌ಟಾಪ್ ಹಿಡಿದು ಓಡುವುದು ಅವರ ಕೆಲಸ.

“ಮೇಡಂ, ಎರಡು ವಾರದಿಂದ ನಿದ್ರೆಯಿಲ್ಲ. ಮೊಬೈಲ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ” ಎಂದರು.

ಕೆಲಸದ ಒತ್ತಡವೆಂದೇ ನಾನು ಮೊದಲು ಎಣಿಸಿದೆ. ನಡುರಾತ್ರಿಯಲ್ಲೂ ಕರೆ ಬರುತ್ತಿತ್ತು. ಆ ಪ್ರೋಗ್ರಾಂ ಬಲ್ಲವರು ಇವರೊಬ್ಬರೇ. ಆದರೆ ಎದೆಬಡಿತ ಶುರುವಾದದ್ದು ಯಾವ ದಿನ ಎಂದು ಕೇಳಿದಾಗ ತಲೆ ತಗ್ಗಿಸಿದರು.

ಪ್ಯಾಕಿಂಗ್ ಯಂತ್ರದ ರಕ್ಷಣಾ ಬಾಗಿಲಿಗೆ ಒಂದು ಸ್ವಿಚ್ ಇರುತ್ತದೆ. ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು. ಅದರ ವೈರ್ ತುಂಡಾದರೂ ನಿಲ್ಲಬೇಕು. ಹಾಗೆಂದೇ ಅದನ್ನು ಜೋಡಿಸಿರುತ್ತಾರೆ. ಕಡಲ ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಸ್ವಿಚ್‌ನ ಒಳಗೆ ಕಿಲುಬು ಹಿಡಿದು, ಬಾಗಿಲು ಮುಚ್ಚಿದ್ದರೂ ಲೈನ್ ಮತ್ತೆ ಮತ್ತೆ ನಿಲ್ಲುತ್ತಿತ್ತು. “ರಾತ್ರಿಯೊಳಗೆ ಲೋಡ್ ಹೋಗಲೇಬೇಕು, ಏನಾದರೂ ಮಾಡಿ” ಎಂದರು ಮೇಲಿನವರು. ‘ಪ’ ಎರಡು ಟರ್ಮಿನಲ್‌ಗಳ ನಡುವೆ ಗೇಣುದ್ದದ ವೈರ್ ಸಿಕ್ಕಿಸಿ ಜಂಪರ್ ಮಾಡಿದರು, ಅಂದರೆ ಬಾಗಿಲು ತೆರೆದರೂ ಮುಚ್ಚಿದಂತೆಯೇ ಯಂತ್ರಕ್ಕೆ ಕಾಣುವಂತೆ ಸ್ವಿಚ್ಚನ್ನು ತಪ್ಪಿಸಿದರು. ಮೂರನೆಯ ದಿನ, ಸಿಕ್ಕಿಕೊಂಡ ಪೊಟ್ಟಣ ತೆಗೆಯಲು ಹೆಲ್ಪರ್ ಹುಡುಗನೊಬ್ಬ ಬಾಗಿಲು ತೆರೆದು ಕೈ ಹಾಕಿದ. ಯಂತ್ರ ನಿಲ್ಲಲಿಲ್ಲ. ಅಂಗಿಯ ತೋಳು ಹರಿಯಿತು, ಕೈ ಉಳಿಯಿತು.

“ಆ ವೈರ್ ಈಗ ಎಲ್ಲಿದೆ?” ಎಂದು ಕೇಳಿದೆ.

ಅಲ್ಲೇ ಇತ್ತು.

ನಿದ್ರೆಯ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಇಲ್ಲಿ ಆಡಿದ ಮಾತು ಹೊರಗೆ ಹೋಗದು, ಆದರೆ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಆ ಗೌಪ್ಯತೆಗೂ ಮಿತಿಯಿದೆ ಎಂದು ಮೊದಲೇ ತಿಳಿಸಿದ್ದೆ. ಅದನ್ನೇ ಮತ್ತೆ ನೆನಪಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ, ಅಳು ಬಂತು. ನನ್ನೆದುರಿಗೇ ಶಿಫ್ಟ್‌ನ ಎಲೆಕ್ಟ್ರಿಷಿಯನ್‌ಗೆ ಕರೆ ಮಾಡಿ, ಯಂತ್ರ ನಿಲ್ಲಿಸಿ ವೈರ್ ಕೀಳಿಸಿದರು.

ಅವರ ಮನಸ್ಸು ಕೆಟ್ಟಿರಲಿಲ್ಲ, ಸರಿಯಾಗಿಯೇ ಕೂಗುತ್ತಿತ್ತು. ಅಂಥ ಅಂಜಿಕೆಯನ್ನು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ತಣಿಸಿ ಕಳುಹಿಸಿದ್ದರೆ ನಾನು ದೊಡ್ಡ ತಪ್ಪು ಮಾಡಿದಂತಾಗುತ್ತಿತ್ತು. ಸೋಮವಾರವೇ ನಡೆದುದನ್ನು ಯಾರನ್ನೂ ದೂರದೆ ಬರೆದು ವ್ಯವಸ್ಥಾಪಕರಿಗೆ ಕೊಡಲು ಹೇಳಿದೆ. ಚಲಿಸುವ ಭಾಗಗಳಿಗೆ ರಕ್ಷಣೆ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ವಿಧಿಸಿತ್ತು. ಸುರಕ್ಷತೆಯನ್ನು ತಪ್ಪಿಸುವ ಆದೇಶ ಬಾಯಿಮಾತಿನಲ್ಲಿ ಬಂದರೆ ಬರಹದಲ್ಲಿ ಕೊಡಿ ಎಂದು ಕೇಳಿ ಎಂದೆ. ಆ ಹುಡುಗನ ಬಳಿ ಹೋಗಿ ಕ್ಷಮೆ ಕೇಳುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಅದನ್ನು ಮಾತ್ರ ನಾನು ಒತ್ತಾಯಿಸಲಿಲ್ಲ. ಇನ್ನೊಬ್ಬರಿಗೆ ಪ್ರೋಗ್ರಾಂ ಕಲಿಸಿ, ರಾತ್ರಿ ಕರೆಗಳನ್ನು ಸರದಿಯಂತೆ ಹಂಚಿಕೊಳ್ಳಬೇಕೆಂದೂ, ಭಯ ತೀರ ಏರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದೂ ತಿಳಿಸಿದೆ.

ಮೂರನೆಯ ಭೇಟಿಗೆ ಬಂದಾಗ ಸ್ವಿಚ್ ಬದಲಾಗಿತ್ತು. ಮೇಲಿನವರ ಮುಖ ಇನ್ನೂ ಬಿಗಿದೇ ಇದೆಯಂತೆ. ಹುಡುಗನ ಬಳಿ ತಾವಾಗಿಯೇ ಹೋಗಿದ್ದರು. “ನೀವು ಹೇಳಿದಿರಲ್ಲ ಸಾರ್, ಸಾಕು” ಎಂದನಂತೆ ಅವನು. ಈಗ ಐದು ಗಂಟೆ ನಿದ್ರೆ ಬರುತ್ತಿದೆ. ರಿಂಗ್ ಕೇಳಿದರೆ ಎದೆ ಇನ್ನೂ ನಡುಗುತ್ತದೆ. ಅದಕ್ಕಾಗಿ ಸೆಪ್ಟೆಂಬರ್ ಪೂರ್ತಿ ಭೇಟಿಯಾಗುತ್ತೇವೆ.