‘ಟೆನ್ಶನ್’ ಬಿಟ್ಟರೆ ಬೇರೆ ಪದ ಇಲ್ವಾ?

ಪ್ರಶ್ನೆ: ನಾನು ಸಿಂಧನೂರಿನವಳು, ರಾಯಚೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಮನಸ್ಸಿನ ಕಾಯಿಲೆ, ಕುಡಿತ, ಗುಳೆ ಬಗ್ಗೆ ಇಂಗ್ಲಿಷ್‌ನಲ್ಲಿ ಮಾತಾಡು ಅಂದರೆ ಟೆನ್ಶನ್, ಮೆಂಟಲ್ ಇವೆರಡೇ ಬಾಯಿಗೆ ಬರುತ್ತವೆ. ಏನು ಮಾಡಲಿ ಮೇಡಂ?

ಉತ್ತರ: ಮೊದಲು ಆ ‘ಮೆಂಟಲ್’ ಬಿಡು ತಂಗಿ, ನಮ್ಮ ಕಡೆ ಅದು ಬೈಗುಳ ಆಗಿಬಿಟ್ಟಿದೆ. ಪರೀಕ್ಷೆ ಹತ್ತಿರ ಬಂದಾಗ ಆಗುವುದು ಸ್ಟ್ರೆಸ್. ಪರೀಕ್ಷೆ ಮುಗಿದು ತಿಂಗಳಾದರೂ ಸುಮ್ನೆ ಕೂತಲ್ಲೇ ಎದೆ ಡವಡವ ಅನ್ನುತ್ತಿದ್ದರೆ ಆಂಗ್ಸೈಟಿ ಅನ್ನಬಹುದು. ಬೇಜಾರಾದಾಗೆಲ್ಲ ಡಿಪ್ರೆಶನ್ ಅನ್ನಬೇಡ. ಬೇಸರವೋ ಯಾವುದರಲ್ಲೂ ಮನಸ್ಸಿಲ್ಲದಿರುವುದೋ ಕನಿಷ್ಠ 2 ವಾರ, ಹೆಚ್ಚುಕಡಿಮೆ ದಿನವಿಡೀ ಇದ್ದು, ಜೊತೆಗೆ ನಿದ್ದೆ, ಊಟ, ಕೆಲಸ ಎಲ್ಲ ಹದಗೆಟ್ಟಾಗ ವೈದ್ಯರು ಆ ಹೆಸರು ಹೇಳುತ್ತಾರೆ.

‘ಕಮಿಟೆಡ್ ಸೂಯಿಸೈಡ್’ ಅಂತ ಪೇಪರಿನಲ್ಲಿ ಓದಿರುತ್ತೀಯ, ಅಲ್ವಾ? ಕಮಿಟ್ ಅಂದರೆ ಅಪರಾಧದ ವಾಸನೆ. ‘ಡೈಡ್ ಬೈ ಸೂಯಿಸೈಡ್’ ಅನ್ನು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಮೊದಲು ಭಾವಿಸಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ.

ಕುಡುಕನಿಗೆ ಡ್ರಂಕರ್ಡ್ ಬೇಡ, ‘ಪರ್ಸನ್ ವಿತ್ ಆಲ್ಕೋಹಾಲ್ ಡಿಪೆಂಡೆನ್ಸ್’. ಉದ್ದ ಆಯಿತು, ಆಗಲಿ. ಗುಳೆಗೆ ಬರೀ ಮೈಗ್ರೇಶನ್ ಅಂದರೆ ಬೆಂಗಳೂರಿಗೆ ಕೆಲಸಕ್ಕೆ ಹೋದ ಎಂಜಿನಿಯರೂ ಅದರಲ್ಲೇ ಬರುತ್ತಾನೆ! ಕಷ್ಟಕ್ಕೆ ಬೇರೆ ದಾರಿ ಕಾಣದೆ ಊರು ಬಿಡುವುದಕ್ಕೆ ‘ಡಿಸ್ಟ್ರೆಸ್ ಮೈಗ್ರೇಶನ್’ ಹತ್ತಿರದ್ದು.

ಆದರೆ ಹಳ್ಳಿಯಲ್ಲಿ ಅಜ್ಜಿಯೊಬ್ಬಳು ‘ಜೀವಕ್ಕ ಸಮಾಧಾನ ಇಲ್ಲವ್ವ’ ಅಂದರೆ, ಡೈರಿಯಲ್ಲಿ ಅದನ್ನ ಹಾಗೇ ಬರೆದುಕೋ. ಇಂಗ್ಲಿಷ್ ಪದ ಆಮೇಲೆ ಹುಡುಕೋಣ.