ಲಿಂಕ್ ತೆಗೆಯಬೇಕಾ, ಇರಲಿ ಬಿಡಬೇಕಾ?

ಪ್ರಿಯ ಓದುಗರೇ,

ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ತಿರುಳು ಇಷ್ಟು. ನೀವು 4 ವರ್ಷದಿಂದ ನಿಮ್ಮ ತಾಲ್ಲೂಕಿನ ರಕ್ತದಾನಿಗಳ ವಾಟ್ಸ್‌ಆ್ಯಪ್ ಗ್ರೂಪ್ ನಡೆಸುತ್ತಿದ್ದೀರಿ. ಲಿಂಕ್ ಸಿಕ್ಕವರು ಯಾರು ಬೇಕಾದರೂ ಸೇರಬಹುದು. ಸದಸ್ಯರು 600 ದಾಟಿದ್ದಾರೆ. ಹೋದ ತಿಂಗಳು ಯಾರೋ ಒಬ್ಬ ಸೇರಿಕೊಂಡು, ತಂಗಿಗೆ ಹೆರಿಗೆ, ರಕ್ತಕ್ಕೆ ದುಡ್ಡು ಕಟ್ಟಬೇಕು ಎಂದು ಕ್ಯೂಆರ್ ಕೋಡ್ ಹಾಕಿದ. ಕೆಲವರು ಕಳಿಸಿಯೂ ಬಿಟ್ಟರು. ಅದೇ ವಾರ, ರಕ್ತ ಕೊಟ್ಟಿದ್ದ ಒಬ್ಬ ಹುಡುಗಿಗೆ ರಾತ್ರಿ ಹೊತ್ತು ಅಪರಿಚಿತರ ಫೋನ್ ಬರಲು ಶುರುವಾಯಿತು. ಆಕೆ ಗ್ರೂಪ್ ಬಿಟ್ಟಳು. ಈಗ ಅರ್ಧ ಜನ ಲಿಂಕ್ ತೆಗೆಯಿರಿ ಅನ್ನುತ್ತಾರೆ, ಇನ್ನರ್ಧ ಜನ ಆಮೇಲೆ ಗ್ರೂಪ್ ಯಾಕೆ ಬೇಕು ಅನ್ನುತ್ತಾರೆ.

ಇಬ್ಬರೂ ಸರಿಯೇ. ರಕ್ತ ಕೇಳುವ ದಾರಿ ಎಲ್ಲರಿಗೂ ತೆರೆದಿರಬೇಕು, ಕೊಡುವವರ ನಂಬರು ಯಾರಿಗೂ ಕಾಣಬಾರದು. ನಿಮ್ಮಲ್ಲಿ ಎರಡೂ ಒಂದೇ ಜಾಗದಲ್ಲಿವೆ. ತೊಂದರೆ ಆಗಿರುವುದು ಅಲ್ಲೇ.

ತೆರೆದಿರಬೇಕು ಎಂದು ಸುಮ್ನೆ ಹೇಳುತ್ತಿಲ್ಲ. 1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ 'ಬಾಂಬೆ' ರಕ್ತದ ಗುಂಪಿನ ವಿಷಯ ಕೇಳಿರಬಹುದು. ನಮ್ಮ ದೇಶದಲ್ಲಿ ಸುಮಾರು 10,000 ಜನಕ್ಕೆ ಒಬ್ಬರದು ಈ ಗುಂಪು. ಇವರಿಗೆ ಓ ಗುಂಪಿನ ರಕ್ತವೂ ಆಗದು, ಇನ್ನೊಬ್ಬ ಬಾಂಬೆ ಗುಂಪಿನವರದ್ದೇ ಬೇಕು. ಅಂಥವರ ಮನೆಯವರು ಗುರುತಿನವರನ್ನಷ್ಟೇ ಕೇಳಿ ಕೂತರೆ ಆಗುತ್ತದಾ?

ಹಾಗೆಂದು ಬಂದದ್ದನ್ನೆಲ್ಲ ಮುಂದೆ ತಳ್ಳಿದರೆ ಏನಾಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ. ಒಮ್ಮೆ 'ಓ ನೆಗೆಟಿವ್ ತುರ್ತಾಗಿ ಬೇಕು, ಪುಟ್ಟ ಮಗು' ಎಂಬ ಮೆಸೇಜನ್ನು ಮೂರು ಗ್ರೂಪಿಗೆ ಕಳಿಸಿದೆ. ಆಮೇಲೆ ಮನಸ್ಸು ತಡೆಯದೆ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆ ಒಬ್ಬ ತಂದೆ. "ಸಾರ್, ಅದು ಮಗಳು ಎರಡನೇ ಕ್ಲಾಸಲ್ಲಿದ್ದಾಗಿನದು. ಈಗ ಎಂಟನೇ ಕ್ಲಾಸು. ಇನ್ನೂ ಫೋನ್ ಬರ್ತಾನೇ ಇದೆ" ಎಂದರು. ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆ ತಂದಿತು. ಮೆಸೇಜಿನಲ್ಲಿ ತಾರೀಖೇ ಇರಲಿಲ್ಲ, ನಾನೂ ನೋಡಿರಲಿಲ್ಲ. 2018ರಲ್ಲಿ ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಫಾರ್ವರ್ಡನ್ನು ಒಮ್ಮೆಗೆ 5 ಕಡೆಗೆ ಎಂದು ಇಳಿಸಿತು. ರಕ್ತದ ಮನವಿಯನ್ನು ಮಾತ್ರ ಜನ ಇಡೀ ದಿನ ಕಳಿಸುತ್ತಲೇ ಇರುತ್ತಾರೆ. ಪುಣ್ಯದ ಕೆಲಸ, ಅಲ್ವಾ!

ಇನ್ನು ನೀವು ಮಾಡಬಹುದಾದದ್ದು. ವಾಟ್ಸ್‌ಆ್ಯಪ್‌ನಲ್ಲಿ 'ಕಮ್ಯುನಿಟಿ' ಎಂದೊಂದು ಏರ್ಪಾಡಿದೆ. ಅದರ ಪ್ರಕಟಣೆ ವಿಭಾಗದಲ್ಲಿ ಅಡ್ಮಿನ್‌ಗಳು ಮಾತ್ರ ಪ್ರಕಟಣೆ ಹಾಕುತ್ತಾರೆ, ಸದಸ್ಯರ ನಂಬರು ಅಡ್ಮಿನ್‌ಗಳಿಗಷ್ಟೇ ಕಾಣುತ್ತದೆ. ದಾನಿಗಳನ್ನು ಅಲ್ಲಿಗೆ ಸೇರಿಸಿ. ರಕ್ತ ಕೇಳುವವರಿಗೆ ಬೇರೆ ಸಿಮ್ಮಿನ ಒಂದು ನಂಬರು ಕೊಡಿ. ಅದನ್ನು ಆಸ್ಪತ್ರೆ ಗೋಡೆ, ಮೆಡಿಕಲ್ ಶಾಪು, ಆಟೋ ಸ್ಟ್ಯಾಂಡು, ಎಲ್ಲೆಂದರಲ್ಲಿ ಅಂಟಿಸಿ. ಮನವಿ ಬಂದಾಗ ಆಸ್ಪತ್ರೆ, ವಾರ್ಡು, ರಕ್ತದ ಗುಂಪು, ಎಷ್ಟು ಯೂನಿಟ್, ಯಾವ ದಿನಕ್ಕೆ ಎಂದು ಕೇಳಿ. ಖಾತ್ರಿಗೆ ಆಸ್ಪತ್ರೆಯ ಬ್ಲಡ್ ಬ್ಯಾಂಕಿಗೆ ನೀವೇ ಫೋನ್ ಮಾಡಿ, ಮೆಸೇಜಿನಲ್ಲಿರುವ ನಂಬರಿಗಲ್ಲ. ಮನವಿ ಹಾಕುವಾಗ ತಾರೀಖು ಬರೆಯಿರಿ. ರಕ್ತ ಸಿಕ್ಕ ಮೇಲೆ ಅಳಿಸಿ.

ರಾತ್ರಿ ಎರಡು ಗಂಟೆಗೆ ಇದನ್ನೆಲ್ಲ ಯಾರು ಮಾಡುತ್ತಾರೆ ಎಂದು ನೀವು ಕೇಳಬಹುದು. ಒಬ್ಬರಿಂದ ಆಗದು. ನಾಲ್ವರಾದರೂ ಪಾಳಿಯಲ್ಲಿ ನೋಡಿಕೊಳ್ಳಬೇಕು. ಗ್ರೂಪಿನಲ್ಲಿ ಜಗಳವಾಡುತ್ತಿರುವವರಿಗೇ ಮೊದಲ ಪಾಳಿ ಕೊಟ್ಟು ನೋಡಿ.

ದುಡ್ಡಿನ ವಿಷಯಕ್ಕೆ ಒಂದೇ ನಿಯಮ ಸಾಕು: ಗ್ರೂಪಿನಲ್ಲಿ ಯಾರೂ ಹಣ ಕೇಳುವಂತಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ದುಡ್ಡಿಗಾಗಿ ರಕ್ತ ಕೊಡುವುದು ನಿಂತಿದೆ. ಬ್ಲಡ್ ಬ್ಯಾಂಕ್ ತೆಗೆದುಕೊಳ್ಳುವುದು ಪರೀಕ್ಷೆ, ಸಂಗ್ರಹದ ಖರ್ಚು. ಅದನ್ನು ಅವರ ಕೌಂಟರಿನಲ್ಲೇ ಕಟ್ಟಿ ರಸೀದಿ ಪಡೆಯಬೇಕು. ಕ್ಯೂಆರ್ ಕೋಡಿಗೆ ದುಡ್ಡು ಹಾಕಿದವರು ಇನ್ನೂ ದೂರು ಕೊಟ್ಟಿಲ್ಲದಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಗ್ರೂಪ್ ಬಿಟ್ಟ ಹುಡುಗಿಯನ್ನು ವಾಪಸ್ ಕರೆಯಲೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಗ್ರೂಪಿಗೆ ಕರೆಯಬೇಡಿ. ಫೋನ್ ಮಾಡಿ, ಆದದ್ದಕ್ಕೆ ಬೇಜಾರು ಹೇಳಿಕೊಳ್ಳಿ. ಆ ರಾತ್ರಿಯ ಫೋನುಗಳ ಬಗ್ಗೆ ಪೊಲೀಸರಿಗೆ ದೂರು ಕೊಡುವುದಾದರೆ ನೀವೂ ಜೊತೆಗೆ ಹೋಗಿ. ಹೆಂಗಸರು ಒಮ್ಮೆ ರಕ್ತ ಕೊಟ್ಟ ಮೇಲೆ 120 ದಿನ ಬಿಡಬೇಕು, ಹಾಗಾಗಿ ಅವಸರವೇನಿಲ್ಲ. ಆಕೆಯ ನಂಬರು ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬಹುದಾ ಎಂದು ಮಾತ್ರ ಕೇಳಿ. ಬೇಡ ಅಂದರೆ ಆ ನಂಬರನ್ನು ಆಗಲೇ ಹೊಡೆದುಹಾಕಿ.

- ಸಂಪಾದಕ