ಕ್ವಾಂಟಮ್ ಕೀ ಕದಿಯೋಕೇ ಆಗಲ್ಲ ಅಂದಮೇಲೆ ಟೆಸ್ಟ್ ಯಾಕೆ?

ನೀವು ಕೇಳಿರುವ ಪ್ರಶ್ನೆ ನನ್ನ ಹೊಟ್ಟೆಪಾಡಿನದ್ದೇ. ಕ್ವಾಂಟಮ್ ಕೀ ಅಂದರೆ ಸಂದೇಶ ಗುಟ್ಟಾಗಿಡಲು ಎರಡು ಕಡೆಯವರು ಬೆಳಕಿನ ಕಣಗಳ ಮೂಲಕ ಹಂಚಿಕೊಳ್ಳುವ ರಹಸ್ಯ ಅಂಕೆಗಳ ಸಾಲು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಅದನ್ನು ಸಾಗಿಸುವ ಲಿಂಕ್‌ಗಳನ್ನು ಟೆಸ್ಟ್ ಮಾಡುತ್ತೇನೆ. ಫಿಸಿಕ್ಸ್ ಬಗ್ಗೆ ನನಗೆ ತಕರಾರಿಲ್ಲ. ಅನುಮಾನ ಇರುವುದು ಕೀ ಕಳಿಸುವ, ಪಡೆಯುವ ಡಬ್ಬಿಯ ಮೇಲೆ.

1984ರಲ್ಲಿ ಬೆನೆಟ್ ಮತ್ತು ಬ್ರಸ್ಸಾರ್ಡ್ ಎಂಬ ವಿಜ್ಞಾನಿಗಳು ಕೊಟ್ಟ ವಿಧಾನವನ್ನೇ ತಗೊಳ್ಳಿ. ಬೆಳಕಿನ ಕಣಗಳನ್ನು, ಅಂದರೆ ಫೋಟಾನ್‌ಗಳನ್ನು, ಒಂದೊಂದಾಗಿ ಕಳಿಸುತ್ತಾರೆ. ಪ್ರತಿಯೊಂದನ್ನೂ ಎರಡು ರೀತಿಯಲ್ಲಿ ಅಳೆಯಬಹುದು. ನಡುವೆ ಕೂತ ಕಳ್ಳನಿಗೆ ಸರಿಯಾದ ರೀತಿ ಯಾವುದು ಅಂತ ಗೊತ್ತಿಲ್ಲ, ಅರ್ಧ ಸಲ ತಪ್ಪುತ್ತಾನೆ. ಹಾಗೆ ತಪ್ಪಿದ್ದರಲ್ಲಿ ಅರ್ಧ ಈ ಕಡೆ ಉಲ್ಟಾ ಬರುತ್ತದೆ. ಎಲ್ಲವನ್ನೂ ಕದ್ದು ಓದಿ ಮತ್ತೆ ಕಳಿಸಿದರೆ ನೂರಕ್ಕೆ 25 ತಪ್ಪು! ಸುಮಾರು 11 ದಾಟಿದರೆ ನಾವು ಆ ಕೀಯನ್ನೇ ಬಿಸಾಡುತ್ತೇವೆ.

ತೊಂದರೆ ಏನೆಂದರೆ, ಕಳ್ಳ ಇಲ್ಲದಿದ್ದರೂ ಈ ಸಂಖ್ಯೆ ಏರುತ್ತದೆ. ಒಮ್ಮೆ ಬೆಳಗ್ಗೆಯೆಲ್ಲ 3ರ ಹತ್ತಿರ ಇದ್ದದ್ದು ಮಧ್ಯಾಹ್ನ ಜಿಗಿಯತೊಡಗಿತು. ಎರಡು ದಿನ ಸಾಫ್ಟ್‌ವೇರ್ ಬೈದುಕೊಂಡೆವು. ಕೊನೆಗೆ ನೋಡಿದರೆ ಸೆಖೆ ಅಂತ ಯಾರೋ ಹಾಕುತ್ತಿದ್ದ ಫ್ಯಾನು. ಮೇಜಿನಿಂದ ಜೋತಾಡುತ್ತಿದ್ದ ಫೈಬರ್ ಗಾಳಿಗೆ ಅಲುಗಿ ಬೆಳಕಿನ ಪೋಲರೈಸೇಶನ್, ಅಂದರೆ ಅದರ ಅಲೆ ಕಂಪಿಸುವ ದಿಕ್ಕು, ತಿರುಗುತ್ತಿತ್ತು. ಟೇಪ್ ಹಚ್ಚಿದೆವು, ಸರಿಹೋಯಿತು.

ದೂರ ಇನ್ನೊಂದು ತಲೆನೋವು. ಒಳ್ಳೆ ಫೈಬರ್‌ನಲ್ಲೂ 100 ಕಿ.ಮೀ. ಹೋಗುವಷ್ಟರಲ್ಲಿ ನೂರು ಫೋಟಾನ್‌ಗೆ ಒಂದು ಉಳಿಯುತ್ತದೆ. 200 ಕಿ.ಮೀ.ಗೆ ಹತ್ತು ಸಾವಿರಕ್ಕೆ ಒಂದು. ಸಿಗ್ನಲ್ ಜೋರು ಮಾಡುವ ಮಾಮೂಲಿ ಆಂಪ್ಲಿಫೈಯರ್ ಇಟ್ಟರೆ ಕ್ವಾಂಟಮ್ ಗುಣವೇ ಕೆಡುತ್ತದೆ. ಹಾಗಾಗಿ 2022ರಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿಯವರು ಪ್ರಯಾಗ್‌ರಾಜ್‌–ವಿಂಧ್ಯಾಚಲ ನಡುವೆ, ಮೊದಲೇ ಹಾಕಿದ್ದ ಫೈಬರ್‌ನಲ್ಲಿ 100 ಕಿ.ಮೀ. ದಾಟಿಸಿದ್ದು ಸಣ್ಣ ಮಾತಲ್ಲ. ಚೀನಾದ ಬೀಜಿಂಗ್–ಶಾಂಘೈ ಲೈನು ಸುಮಾರು 2,000 ಕಿ.ಮೀ. ಅಲ್ಲಿ ನಡುನಡುವೆ ಸ್ಟೇಷನ್‌ಗಳಿವೆ, ಅವುಗಳೊಳಗೆ ಕೀ ಬಿಚ್ಚಿಕೊಂಡೇ ಇರುತ್ತದೆ. ಆ ಕೋಣೆ ಕಾಯಲು ಬೀಗ, ಸೆಕ್ಯುರಿಟಿಯವನೇ ಗತಿ!

ನಿಜವಾದ ಭಯ ಮಾತ್ರ ಬೇರೆ. 2010ರಲ್ಲಿ ಸಂಶೋಧಕರು ಮಾರುಕಟ್ಟೆಯಲ್ಲಿದ್ದ ಡಬ್ಬಿಗಳಲ್ಲಿ ಫೋಟಾನ್ ಬಂದದ್ದನ್ನು ಗುರುತಿಸುವ ಡಿಟೆಕ್ಟರ್‌ಗೆ ಜೋರಾದ ಲೇಸರ್ ಬಿಟ್ಟು ಅದನ್ನು ಕುರುಡು ಮಾಡಿದರು. ಆಮೇಲೆ ಅದು ಅವರು ಹೇಳಿದಾಗಷ್ಟೇ ಕ್ಲಿಕ್ ಅನ್ನುತ್ತಿತ್ತು. ಕೀ ಪೂರ್ತಿ ಕಳ್ಳನ ಕೈಲಿ, ಎರರ್ ಸಂಖ್ಯೆ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ! ಅದಕ್ಕೇ ನಾವೂ ಬೇಕಂತಲೇ ಕಳ್ಳರಾಗಿ ಲೇಸರ್ ಬಿಟ್ಟು ನೋಡುತ್ತೇವೆ.

ನಿಮ್ಮ ಆಫೀಸಿಗೆ ಯಾರಾದರೂ ಮಾರಲು ಬಂದರೆ ಹತ್ತು ನಿಮಿಷದ ಡೆಮೊ ಸಾಕು ಅನ್ನಬೇಡಿ. ಒಂದು ವಾರದ ಎರರ್ ಗ್ರಾಫ್ ಕೇಳಿ, ಎಸಿ ಆಫ್ ಆದ ರಾತ್ರಿಗಳೂ ಸೇರಿ.